ಸಾಬೂನು ಕಂಪನಿಯ ಪಕ್ಷ ಯಾವುದೆಂದು ಕೇಳಿದ ಸಾಹೇಬರಿಗೆ

ಮಾನ್ಯ ಚುನಾವಣಾಧಿಕಾರಿಗಳೇ,

ಚುನಾವಣೆಯ ಅಕ್ರಮ ಹಿಡಿಯಲು ಜೀಪಿನಲ್ಲಿ ತಿರುಗುವ ನಿಮ್ಮ ಭರಾರಿ ಪಥಕದವರು ನಮ್ಮೂರಿನ ಭಾಗಾಬಾಯಿಯ ಮನೆಗೆ ಹೋಗಿ, ಆಕೆ ನೀರು ತುಂಬಿಟ್ಟಿದ್ದ ಬಕೆಟ್ಟನ್ನು ಅಂಗಳದಲ್ಲಿ ಬೋರಲು ಹಾಕಿ, ಜೀಪಿನಲ್ಲಿ ಇಟ್ಟುಕೊಂಡು ಹೋಗಿದ್ದಾರೆ. ಆಕೆಯದೊಂದೇ ಅಲ್ಲ, ಊರಿನ ಅರ್ಧಕ್ಕರ್ಧ ಮನೆಗಳ ಬಕೆಟ್ಟುಗಳು ಈಗ ನಿಮ್ಮ ಕಚೇರಿಯ ವಶದಲ್ಲಿವೆ. ಅಷ್ಟು ಸಾಲದೆಂಬಂತೆ, ಆ ಬಕೆಟ್ಟುಗಳನ್ನು ಹಂಚಿದ ನನಗೆ ಒಂದು ನೋಟಿಸು ಬಂದಿದೆ. ಬಕೆಟ್ಟಿನ ಮೇಲೆ ಹೆಸರಿರುವ ಕಂಪನಿಯ ರಾಜಕೀಯ ಒಲವು ಯಾವ ಕಡೆಗಿದೆ ಎಂಬುದನ್ನು ನಾನು ಪುರಾವೆ ಸಹಿತ ಬರೆದು ತಿಳಿಸಬೇಕಂತೆ. ತಿಳಿಸುತ್ತೇನೆ. ಆದರೆ ನೀರು ಚೆಲ್ಲಿದ ಲೆಕ್ಕವನ್ನು ನೀವು ನನಗೆ ತಿಳಿಸಬೇಕು.

ಸಾಹೇಬರೇ, ಗಡಿಯ ಈಚೆ, ನಿಮ್ಮ ಅಕ್ಕಲಕೋಟ ತಾಲೂಕಿನ ವಾಗದರಿ ದಾಟಿ ಒಳಗೆ ಬಂದರೆ ಸಿಗುವ ಈ ಊರಿನಲ್ಲಿ ಬಸ್ ಸ್ಟ್ಯಾಂಡಿನ ಎದುರು ನನ್ನ ಕಿರಾಣಿ ಅಂಗಡಿಯಿದೆ. ತವರು ಸೋಲಾಪುರದ ವ್ಯಾಪಾರಿಗಳ ಮನೆ. ಸಣ್ಣವಳಿದ್ದಾಗ ಗೊಂಬೆಗಿಂತ ಮೊದಲು ತಕ್ಕಡಿ ಹಿಡಿದವಳು. ಬೇಳೆಯಲ್ಲಿ ಹುಳ ಬಿದ್ದಿದೆಯೋ ಇಲ್ಲವೋ ಎಂದು ಕೇಳಲು ಜನ ನನ್ನ ಹತ್ತಿರ ಬರುತ್ತಾರೆ, ನಿಜ. ಆದರೆ ದೇಶಕ್ಕೆಲ್ಲ ಸಾಬೂನು, ಚಹಾ, ಬಿಸ್ಕೀಟು ಮಾರುವ ಒಂದು ಕಂಪನಿಯ ಮನಸ್ಸಿನಲ್ಲಿ ಏನಿದೆಯೆಂದು ಇದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಟಿವಿಯಲ್ಲಿ ಕೋಟು ತೊಟ್ಟುಕೊಂಡು ಒಬ್ಬರ ಮೇಲೊಬ್ಬರು ಕೂಗುವವರಿಗೂ ಬಗೆಹರಿಯದ ಪ್ರಶ್ನೆಯನ್ನು ಒಬ್ಬ ಅಂಗಡಿಯವಳಿಗೆ ಒಪ್ಪಿಸಿದ್ದೀರಿ. ನಿಮ್ಮ ನಂಬಿಕೆ ದೊಡ್ಡದು.

ನಿಮ್ಮ ನೋಟಿಸು ಮರಾಠಿಯಲ್ಲಿದೆ, ನನ್ನ ಉತ್ತರ ಕನ್ನಡದಲ್ಲಿದೆ. ವ್ಯಾಪಾರಕ್ಕೆ ಬೇಕಾದಷ್ಟು ಮರಾಠಿ ನನಗೆ ಬರುತ್ತದೆ, ಜಗಳ ಮಾತ್ರ ಕನ್ನಡದಲ್ಲೇ ಚೆನ್ನಾಗಿ ಬರುತ್ತದೆ. ನಿಮ್ಮ ಕಚೇರಿಯಲ್ಲಿ ಕನ್ನಡ ಓದುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಕರೆದು ಓದಿಸಿಕೊಳ್ಳಿ, ಅವರೂ ಸ್ವಲ್ಪ ನಗಲಿ. ಈ ಪತ್ರವನ್ನು ಪತ್ರಿಕೆಗೆ ಏಕೆ ಕೊಟ್ಟೆ ಎಂದು ಕೇಳುತ್ತೀರಿ. ನಿಮ್ಮ ಕಚೇರಿಗೆ ಕೊಟ್ಟ ಕಾಗದ ಠಸ್ಸೆ ಹೊಡೆಸಿಕೊಂಡು ನಿಮ್ಮ ಮೇಜಿಗೆ ಬರುವಷ್ಟರಲ್ಲಿ ಹೊಸ ಸರಪಂಚರು ಹಾರ ಹಾಕಿಸಿಕೊಂಡು ಮನೆಗೆ ಹೋಗಿರುತ್ತಾರೆ. ಅದಕ್ಕೇ. ಕಂಪನಿಯ ಹೆಸರನ್ನಂತೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನೂ ಪ್ರಚಾರವೆಂದು ಹಿಡಿದು ಇನ್ನೊಂದು ನೋಟಿಸು ಕಳಿಸಿಬಿಟ್ಟೀರಿ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಕಡೆ ಮನೆಮನೆಯಲ್ಲೂ ಹಳದಿ-ಕುಂಕುಮ ನಡೆಯುತ್ತದೆ. ಬಂದ ಹೆಂಗಸರಿಗೆ ಅರಿಶಿಣ-ಕುಂಕುಮ ಹಚ್ಚಿ, ಕುಸುರೆಳ್ಳು ಕೊಟ್ಟು, ಮನೆಗೆ ಉಪಯೋಗವಾಗುವ ಒಂದು ಸಣ್ಣ ಸಾಮಾನನ್ನು ಕೈಗಿಡುತ್ತೇವೆ. ಇದಕ್ಕೆ ವಾಣ ಎನ್ನುತ್ತೇವೆ. ಒಂದು ವರ್ಷ ಚಹಾ ಸೋಸುವ ಜರಡಿ ಕೊಟ್ಟೆ, ಇನ್ನೊಂದು ವರ್ಷ ಬಾಚಣಿಗೆ. ಈ ವರ್ಷ ಏನು ಕೊಡಲಿ ಎಂದು ಯೋಚಿಸುತ್ತಿದ್ದಾಗ, ಕಂಪನಿಯ ಮಾಲು ಹಾಕಲು ಸೋಲಾಪುರದಿಂದ ಬರುವ ಸೇಲ್ಸ್‌ಮನ್ ಸಚಿನ ಒಂದು ಸುದ್ದಿ ತಂದ. "ಕಾಕು, ಹೋದ ಸ್ಕೀಮಿನ್ಯಾಗಿನ ಬಕೀಟು ಗೋಡೌನ್ದಾಗ ಹಂಗ ಬಿದ್ದಾವರಿ. ಅರಿವಿ ಒಗ್ಯೂ ಪುಡಿ ಖಪ್ಯಾತಿ, ಬಕೀಟು ಉಳದಾವ. ಇಲಿ ಕಡಿಯಾಕತ್ತಾವ. ನಿಮಗ ಬೇಕಾದ್ರ ಟೆಂಪೋದಾಗ ಹಾಕ್ಕೊಂಡ ಬರತೀನಿ," ಎಂದ. ತಂದ ಮೇಲೆ ನೋಡಿದರೆ ಪಡಸಾಲೆ ತುಂಬ ಬಕೆಟ್ಟು. ನೇರಳೆ ಬಣ್ಣ, ಮೇಲೆ ಕಂಪನಿಯ ಹೆಸರು. ನೇರಳೆ ಬಣ್ಣದ ಪಕ್ಷವನ್ನು ನಮ್ಮ ತಾಲೂಕಿನಲ್ಲಿ ನಾನಂತೂ ಕಂಡಿಲ್ಲ.

ರೂಢಿಯ ಪ್ರಕಾರ ಹಳದಿ-ಕುಂಕುಮಕ್ಕೆ ಆಯಾ ಓಣಿಯ ಮುತ್ತೈದೆಯರು ತಂತಮ್ಮಲ್ಲೇ ಕೂಡುತ್ತಾರೆ. ನಾನು ಸಮಾಜ ತಿದ್ದಲು ಹೊರಟವಳಲ್ಲ, ಸಾಹೇಬರೇ. ಬಕೆಟ್ಟು ಬೇಕಾದಷ್ಟು ಇದ್ದವು, ನಮ್ಮ ಓಣಿಯಲ್ಲಿ ಅಷ್ಟು ಹೆಂಗಸರು ಇರಲಿಲ್ಲ. ಹಾಗಾಗಿ ಎಲ್ಲ ಓಣಿಗಳಿಗೂ, ಗಂಡ ಇದ್ದವರಿಗೂ ಇಲ್ಲದವರಿಗೂ ಹೇಳಿ ಕಳಿಸಿದೆ. ಬರುತ್ತಾರೋ ಇಲ್ಲವೋ ಎಂದು ನೋಡುತ್ತಿದ್ದರೆ ಎಲ್ಲರಿಗಿಂತ ಮೊದಲು ಬಂದವಳು ಭಾಗಾಬಾಯಿ. ಆಕೆ ಬುದ್ಧವಿಹಾರದ ಓಣಿಯವಳು, ಸಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಆಕೆಯ ಗಂಡ ಹುಲೆಪ್ಪ ಸೋಲಾಪುರದ ಟಾವೆಲ್ ಕಾರ್ಖಾನೆಯಲ್ಲಿ ಪಾಳಿ ಮಾಡಿ ಬರುತ್ತಾನೆ. ನನ್ನ ಅಂಗಡಿಯ ಕಟ್ಟೆಗೆ ದಿನಾ ಬರುವ ಹೆಂಗಸು, ಮನೆಯ ಪಡಸಾಲೆಗೆ ಬಂದದ್ದು ಅವತ್ತೇ ಮೊದಲು. ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬಂದಿದ್ದಳು. ಬಾಗಿಲಲ್ಲೇ ನಿಂತು, "ಅಕ್ಕಾರ, ಕುಂಕುಮ ನಾವು ಹಚ್ಚಿಸ್ಕೊಳ್ಳಂಗಿಲ್ಲರಿ. ಕುಸರೆಳ್ಳು ಕೊಡ್ರಿ, ಪ್ರೀತಿಲೆ ತಗೋತೀನಿ," ಎಂದಳು. ನಾನು, "ಕುಂಕುಮಾ ಬ್ಯಾಡಂದ್ರ ಬಿಡವಾ, ಒಡಪಾ ಮಾತ್ರ ಹೇಳಲಾರದ ಬಿಡಂಗಿಲ್ಲ ನಾ," ಎಂದೆ.

ಗಂಡನ ಹೆಸರನ್ನು ಪ್ರಾಸದೊಳಗೆ ಕೂಡಿಸಿ ಹೇಳುವುದಕ್ಕೆ ಒಡಪು ಎನ್ನುತ್ತೇವೆ, ನಿಮ್ಮ ಮರಾಠಿಯ ಉಖಾಣೆ. ಆಕೆ ಸ್ವಲ್ಪ ಹೊತ್ತು ನಾಚಿ, ಸೆರಗು ಬಾಯಿಗೆ ಇಟ್ಟುಕೊಂಡು, ಕೊನೆಗೆ ಹೇಳಿಯೇಬಿಟ್ಟಳು:

"ಸೋಲಾಪುರದ ಚಾದರಾ, ಅಂಚು ಕೆಂಪ ಕೆಂಪ,
ಹಾಸಿಗ್ಯಾಗ ಚಾ ತಂದ ಕೊಡತಾರ ನಮ್ಮ ಮನಿ ಹುಲೆಪ್ಪ."

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಗೌಡರ ಓಣಿಯ ಹೆಂಗಸರು, ತಮ್ಮ ಗಂಡಂದಿರಿಗೆ ಗ್ಯಾಸು ಹಚ್ಚುವುದೂ ಗೊತ್ತಿಲ್ಲವೆಂದು ಹೊಟ್ಟೆಕಿಚ್ಚುಪಟ್ಟರು. ಮುದುಕಿ ಗುರಮ್ಮ ಸರಿದು ಕುಳಿತು ತನ್ನ ಪಕ್ಕದಲ್ಲಿ ಆಕೆಗೆ ಜಾಗ ಮಾಡಿಕೊಟ್ಟಳು. ನನಗೆ ಅವತ್ತು ಎಷ್ಟು ಸಂತೋಷವಾಯಿತೆಂದರೆ, ಬಕೆಟ್ಟಿನೊಳಗೆ ಒಂದೊಂದು ಸಾಬೂನನ್ನೂ ಇಟ್ಟುಕೊಟ್ಟೆ. ಆ ಸಾಬೂನು ನಿಮ್ಮ ಪಥಕಕ್ಕೆ ಸಿಕ್ಕಿಲ್ಲ. ಅಷ್ಟರಲ್ಲಿ ಕರಗಿಹೋಗಿತ್ತು.

ಇದಾದ ಮುಂದಿನ ವಾರ ನಿಮ್ಮ ಕಚೇರಿಯಲ್ಲಿ ಚುನಾವಣಾ ಚಿಹ್ನೆಗಳನ್ನು ಹಂಚಿದಿರಿ. ನಮ್ಮದು ಗ್ರಾಮ ಪಂಚಾಯತಿ, ಇಲ್ಲಿ ಪಕ್ಷಗಳಿಲ್ಲ, ಎರಡು ಪ್ಯಾನೆಲ್ಲುಗಳಿವೆ. ಕಾಮಣ್ಣನ ಪ್ಯಾನೆಲ್ಲಿಗೆ ಛತ್ರಿ ಬಂತು. ಸಾತಲಿಂಗಪ್ಪನ ಪ್ಯಾನೆಲ್ಲಿಗೆ ಬಕೆಟ್ಟು ಬಂತು. ಈಗ ಹೇಳಿ, ಸಾಹೇಬರೇ. ನಾನು ಹಂಚಿದ ದಿನ ಬಕೆಟ್ಟು ಬರೀ ಬಕೆಟ್ಟಾಗಿತ್ತು. ಅದಕ್ಕೆ ರಾಜಕೀಯ ಹಚ್ಚಿದವರು ಯಾರು? ನೋಟಿಸು ಯಾರ ವಿಳಾಸಕ್ಕೆ ಹೋಗಬೇಕಿತ್ತು?

ನ್ಯಾಯದ ಮಾತನ್ನು ನ್ಯಾಯವಾಗಿಯೇ ಆಡುತ್ತೇನೆ. ಹಳದಿ-ಕುಂಕುಮದ ಹೆಸರಿನಲ್ಲಿ ಪುಢಾರಿಗಳು ಸೀರೆ ಹಂಚುತ್ತಾರೆ, ಕುಕ್ಕರು ಹಂಚುತ್ತಾರೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಮನೆಮನೆಯಲ್ಲಿ ಒಂದೇ ಬಣ್ಣದ ಬಕೆಟ್ಟು ಕಂಡಾಗ ನಿಮ್ಮವರಿಗೆ ಅನುಮಾನ ಬಂದದ್ದು ತಪ್ಪಲ್ಲ. ಬಂದು ನನ್ನನ್ನು ಕೇಳಬಹುದಿತ್ತು. ಚಹಾ ಕುಡಿಸಿ ಎಲ್ಲ ಹೇಳುತ್ತಿದ್ದೆ. ಅವರು ಕೇಳಲಿಲ್ಲ. ಜಪ್ತಿ ಮುಗಿಸಿ ಅಂಗಡಿಗೆ ಬಂದಾಗ ನನ್ನ ಗೋಡೆ ಅವರ ಕಣ್ಣಿಗೆ ಬಿತ್ತು. ಅದರ ಮೇಲೆ ಕಂಪನಿಯವರು ಎರಡು ವರ್ಷದ ಹಿಂದೆ ಬರೆಸಿದ ಜಾಹೀರಾತಿದೆ: ನೊರೆ ಉಕ್ಕುತ್ತಿರುವ ಒಂದು ದೊಡ್ಡ ಬಕೆಟ್ಟು. "ಸಾಪಡಲಾ!" ಸಿಕ್ಕಿತು ಸಿಕ್ಕಿತು ಎಂದು ಒಬ್ಬರು ಕುಣಿದಾಡಿದರು. ಮುಚ್ಚಲು ಬಟ್ಟೆ ಇರಲಿಲ್ಲವೆಂದು, ನನ್ನ ಅಂಗಡಿಯಿಂದಲೇ ರದ್ದಿ ಪೇಪರು ಮತ್ತು ಗೋಂದು ತೆಗೆದುಕೊಂಡು ಬಕೆಟ್ಟಿನ ಮೇಲೆ ಅಂಟಿಸಿ ಹೋದರು. ಆ ಪೇಪರುಗಳಲ್ಲಿ ಎಲ್ಲ ಪಕ್ಷಗಳ ನಾಯಕರೂ ಕೈಮುಗಿದು ನಗುತ್ತಿದ್ದಾರೆ. ಒಂದು ಬಕೆಟ್ಟು ಮಾತ್ರ ಇದ್ದ ಗೋಡೆಯ ಮೇಲೆ ಈಗ ಇಡೀ ವಿಧಾನಸಭೆ ಇದೆ. ಆಚಾರಸಂಹಿತೆಯನ್ನು ಹೀಗೆ ಕಾಪಾಡಿದ್ದನ್ನು ನಾನು ಬೇರೆ ಎಲ್ಲಿಯೂ ನೋಡಿಲ್ಲ.

ಜೀಪು ಹೋದ ಮೇಲೆ ಸಾತಲಿಂಗಪ್ಪ ಹಲ್ಲು ಕಿರಿಯುತ್ತ ಬಂದ. "ಅಕ್ಕಾ, ಭಾಳ ಉಪಕಾರ ಆತು ನೋಡ್ರಿ. ಮನಿ ಮನಿಗೆ ನಮ್ಮ ಚಿನ್ಹಾ ಮುಟ್ಟಿಸಿದ್ರಿ," ಎಂದು ಎರಡು ಪಾಕೀಟು ಪುಡಿ ಹೆಚ್ಚಿಗೇ ಕೊಂಡುಹೋದ. ಆಮೇಲೆ ಕಾಮಣ್ಣ ಬಂದ, ಆದರೆ ಕಟ್ಟೆ ಹತ್ತಲಿಲ್ಲ. ರಸ್ತೆಯಲ್ಲೇ ನಿಂತು, "ವೈನಿ, ನಿಮ್ಮ ಕಂಪನಿ ಅವರ ಕಡೀದಂತ ಗೊತ್ತಾತು. ಇನ್ನ ಆ ಪುಡಿ ನಮ್ಮ ಮನಿ ಹೊಸ್ತಲಾ ದಾಟಂಗಿಲ್ಲ. ನಮಗ ಅರಿವಿ ಒಗ್ಯೂ ಹಳದಿ ಸಾಬಣಾ ಕೊಡ್ರಿ," ಎಂದ. ಕೊಟ್ಟೆ. ಛತ್ರಿಯ ಕಡೆಯವರೆಲ್ಲ ಅವತ್ತಿನಿಂದ ಹಳದಿ ಸಾಬೂನೇ ಒಯ್ಯುತ್ತಿದ್ದಾರೆ, ಬಹಿಷ್ಕಾರ ಜೋರಾಗಿ ನಡೆದಿದೆ. ಆ ಹಳದಿ ಸಾಬೂನು ಮಾಡುವುದೂ ಅದೇ ಕಂಪನಿ, ಸಾಹೇಬರೇ. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದೆ, ಯಾರೂ ಓದುವುದಿಲ್ಲ. ನನ್ನ ವರದಿಯ ಮೊದಲ ಪುರಾವೆ ಇದು: ಕಂಪನಿ ಎರಡೂ ಪ್ಯಾನೆಲ್ಲುಗಳಲ್ಲಿ ಉಮೇದುವಾರರನ್ನು ನಿಲ್ಲಿಸಿದೆ.

ಆದರೂ ಒಂದೇ ಪುರಾವೆಯ ಮೇಲೆ ತೀರ್ಪು ಕೊಡಬಾರದೆಂದು ಮುಂದೆ ಹೋದೆ. ಪೊಟ್ಟಣದ ಮೇಲಿದ್ದ ನಂಬರಿಗೆ ಫೋನು ಹಚ್ಚಿದೆ. ಭಾಷೆ ಆರಿಸಲು ಹೇಳಿದರು, ಆರಿಸಿದೆ. ಹಾಡು ಕೇಳಿಸಿದರು, ಕೇಳಿದೆ. ಕೊನೆಗೆ ಒಬ್ಬ ಹುಡುಗಿ ಬಂದಳು. "ನಿಮ್ಮ ಕಂಪನಿ ಯಾರ ಕಡೀದವಾ, ತಂಗಿ?" ಎಂದು ಕೇಳಿದೆ. ಆಕೆ, ನೊರೆ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸಿದಳು. ಬರುತ್ತಿದೆ ಎಂದೆ. ಹಾಗಿದ್ದರೆ ತಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. ಇಷ್ಟು ನಾಜೂಕಾಗಿ ಪ್ರಶ್ನೆ ತಪ್ಪಿಸಿಕೊಳ್ಳುವುದನ್ನು ನಮ್ಮ ಶಾಸಕರೂ ಕಲಿಯಬೇಕು. ಪೂರ್ತಿ ಅಂಕ ಕೊಟ್ಟೆ.

ಸಚಿನನನ್ನೂ ಕೂರಿಸಿಕೊಂಡು ಕೇಳಿದೆ. "ಖರೇ ಹೇಳಪಾ, ನಿಮ್ಮ ಕಂಪನೀದ ಪಕ್ಷ ಯಾವುದು?" ಅವನು ತಲೆ ಕೆರೆದುಕೊಂಡು, "ಕಾಕು, ನಮ್ಮಲ್ಲಿ ಒಂದ ಪಕ್ಷರಿ, ಟಾರ್ಗೆಟ್ ಅಂತ. ತಿಂಗಳಾ ಮುಗ್ಯೂದ್ರಾಗ ಮುಟ್ಟಲಿಲ್ಲಂದ್ರ ನಾ ಅನರ್ಹ ಆಗತೀನಿ," ಎಂದ. ಹುಡುಗ ಬಡಪಾಯಿ. ಅವನ ಫೋನಿನಲ್ಲಿ ಕಂಪನಿ ಕಳಿಸುವ ಹಬ್ಬದ ಶುಭಾಶಯಗಳಿವೆ. ಎಲ್ಲ ದೇವರ ಹಬ್ಬಕ್ಕೂ, ಎಲ್ಲ ಮಹಾಪುರುಷರ ಜಯಂತಿಗೂ, ಈದಿಗೂ ಕ್ರಿಸ್‌ಮಸ್ಸಿಗೂ ಅದೇ ನಗುವ ಹೆಂಗಸು, ಅದೇ ಪೊಟ್ಟಣ. ಸೀರೆಯ ಬಣ್ಣ ಮಾತ್ರ ಬದಲು. ಅಕ್ಕಲಕೋಟಕ್ಕೆ ಬರುವ ರಟ್ಟಿನ ಖೋಕಿಯ ಮೇಲೆ ಮರಾಠಿ, ಗಡಿ ದಾಟಿ ಅಫಜಲಪುರಕ್ಕೆ ಹೋಗುವ ಖೋಕಿಯ ಮೇಲೆ ಕನ್ನಡ. ಎರಡೂ ಕಡೆ ಒಂದೇ ಮಾತು ಹೇಳುತ್ತದೆ, ಎರಡೂ ಕಡೆ ತಾನು ಆ ನೆಲದ್ದೇ ಎನ್ನುತ್ತದೆ.

ಇನ್ನು ಎಡ-ಬಲದ ಪ್ರಶ್ನೆ. ಇದಕ್ಕೆ ನಾನು ಕಂಪನಿಯ ಬಿಸ್ಕೀಟನ್ನು ಸಾಕ್ಷಿಗೆ ಕರೆಯುತ್ತೇನೆ. ನಾನು ಅಂಗಡಿಯಲ್ಲಿ ಕುಳಿತಾಗಿನಿಂದ ಸರಕಾರಗಳು ಬಂದವು, ಬಿದ್ದವು, ಒಡೆದವು, ಮತ್ತೆ ಕೂಡಿಕೊಂಡವು. ಆ ಸಣ್ಣ ಪೊಟ್ಟಣದ ಬೆಲೆ ಹಾಗೇ ಇದೆ, ಒಳಗಿನ ಬಿಸ್ಕೀಟು ಮಾತ್ರ ತೆಳ್ಳಗಾಗುತ್ತ ಬಂದಿದೆ. ಚಹಾದಲ್ಲಿ ಅದ್ದುವ ಮೊದಲೇ ಮುರಿಯುತ್ತದೆ ಎಂದು ಗುರಮ್ಮ ದಿನಾ ಶಾಪ ಹಾಕುತ್ತಾಳೆ. ಹಾಗೆಂದು ಒಂದು ಪಕ್ಷದ ಆಡಳಿತದಲ್ಲಿ ದಪ್ಪಗಾಗಿ ಇನ್ನೊಂದರಲ್ಲಿ ತೆಳ್ಳಗಾಗಿದ್ದರೆ ನಿಮಗೆ ಬರೆದು ಕೊಡಬಹುದಿತ್ತು. ಆಗಿಲ್ಲ. ಎಡದಿಂದಲೂ ಸವೆದಿದೆ, ಬಲದಿಂದಲೂ ಸವೆದಿದೆ. ಮುಂದೆ ಫಲಿತಾಂಶದ ದಿನ ಗೆದ್ದವರ ಅಂಗಿಗಳೆಲ್ಲ ಗುಲಾಲಿನಲ್ಲಿ ಮುಳುಗುತ್ತವೆ, ಸೋತವರು ರಸ್ತೆಯಲ್ಲಿ ಸಿಕ್ಕರೆ ಅವರ ಮೇಲೂ ಒಂದು ಹಿಡಿ ಬೀಳುತ್ತದೆ. ಮಾರನೆಯ ಬೆಳಿಗ್ಗೆ ಎರಡೂ ಕಡೆಯ ಹೆಂಗಸರು ಪುಡಿಗೆಂದು ನನ್ನ ಅಂಗಡಿಗೇ ಬರುತ್ತಾರೆ. ಈ ಕಂಪನಿ ಯಾವ ಚುನಾವಣೆಯಲ್ಲೂ ಸೋತದ್ದಿಲ್ಲ. ಸೋಲೇ ಇಲ್ಲದವರಿಗೆ ಪಕ್ಷದ ಅಗತ್ಯ ಏನಿದೆ? ನನ್ನ ವರದಿ ಇಲ್ಲಿಗೆ ಮುಗಿಯಿತು. ಒಲವು ನಮ್ಮ ಕಿಸೆಯ ಕಡೆಗೆ. ಬೇಕಾದರೆ ಇದರ ಕೆಳಗೆ ನಿಮ್ಮ ಠಸ್ಸೆ ಹೊಡೆದುಕೊಳ್ಳಿ.

ಇಷ್ಟು ಹೊತ್ತು ನಕ್ಕೆ, ಸಾಹೇಬರೇ. ಇನ್ನು ನಗಲಾರದ ಮಾತು.

ನಿಮ್ಮ ಪಥಕದವರು ಭಾಗಾಬಾಯಿಯ ಅಂಗಳದಲ್ಲಿ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ, "ಒಂದು ಬಕೆಟ್ಟಿಗೆ ಎಷ್ಟು ವೋಟು ಕೊಟ್ಟೆ, ಬಾಯಿ?" ಎಂದು ಕೇಳಿದ್ದಾರೆ. ಗೌಡರ ಓಣಿಯಲ್ಲಿ ಈ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ನಾನು ವಿಚಾರಿಸಿದ್ದೇನೆ. ಅಲ್ಲಿ "ವೈನಿ, ಜರಾ ಬಕೆಟ್ಟು ಕೊಡ್ರಿ" ಎಂದು ಕೇಳಿ ಪಡೆದಿದ್ದಾರೆ, ಒಳಗಿನ ನೀರನ್ನು ಕೊಡಕ್ಕೆ ಸುರಿದುಕೊಳ್ಳುವವರೆಗೆ ಬಾಗಿಲಲ್ಲಿ ಕಾದಿದ್ದಾರೆ. ಎರಡು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಯಾರ ನೀರು ಕೊಡಕ್ಕೆ ಹೋಯಿತು, ಯಾರ ನೀರು ನೆಲಕ್ಕೆ ಹೋಯಿತು ಎಂಬುದನ್ನು ನೋಡಿದರೆ ಒಲವು ಯಾರದು, ಯಾವ ಕಡೆಗೆ ಎಂದು ಕೇಳಬೇಕಾದವಳು ನಾನು.

ಮರುದಿನ ಆಕೆ ಎಣ್ಣೆಗೆಂದು ಅಂಗಡಿಗೆ ಬಂದಳು. ಕುಳಿತುಕೊಳ್ಳಲಿಲ್ಲ. ಒಳಗೆ ಬಾ ಎಂದರೆ ಬರಲಿಲ್ಲ. "ನಿಮ್ಮ ಮ್ಯಾಲ ಸಿಟ್ಟಿಲ್ಲರಿ ಅಕ್ಕಾರ," ಎಂದಳು. "ನೀವು ಕರದ್ರಿ, ನಾ ಬಂದೆ. ಖುಷೀಲೆ ಬಂದೆ. ಖರೇ, ವೋಟ ಅಂದ್ರ ನಮ್ಮ ಮನ್ಯಾಗ ಬಾಬಾಸಾಹೇಬರು ಕೊಟ್ಟದ್ದು. ನಮ್ಮಪ್ಪ ಅಂಗಿ ತೊಳದ ಹಾಕ್ಕೊಂಡ ವೋಟ ಹಾಕಾಕ ಹೋಗತಿದ್ದ. ಅದನ್ನ ನಾ ಬಕೀಟಿಗೆ ಮಾರೀನಿ ಅಂದ್ರು, ನನ್ನ ಸೊಸಿ ಮುಂದ ಅಂದ್ರು. ಈ ಸಲ ನಾ ವೋಟ ಹಾಕಾಕ ಹೋಗಂಗಿಲ್ಲ. ಹ್ವಾದ್ರ, ನೋಡು, ಬಕೀಟಿನ ಋಣಾ ತೀರಸಾಕ ಬಂದಾಳ ಅಂತಾರ." ಎಣ್ಣೆ ತೆಗೆದುಕೊಂಡು ಹೋದಳು. ಗಿರಾಕಿಗಳ ಮುಂದೆಯೇ ಕಣ್ಣು ಒರೆಸಿಕೊಂಡೆ. ನಮ್ಮ ಮತಗಟ್ಟೆ ಸಾಲೆಯಲ್ಲೇ ಇದೆ. ಪ್ರತಿ ಚುನಾವಣೆಯಲ್ಲೂ ಬಾಗಿಲು ತೆರೆಯುವ ಮೊದಲೇ ಅಲ್ಲಿ ಹೋಗಿ ನಿಲ್ಲುವ ಹೆಂಗಸು ಆಕೆ. ಮತದಾನ ಮಾಡಿ ಎಂದು ನೀವು ಊರೂರಿಗೆ ಹಲಗೆ ಬಾರಿಸಿ ಸಾರಿಸುತ್ತೀರಿ. ಸಾರದಿದ್ದರೂ ಬರುತ್ತಿದ್ದವಳನ್ನು ಮನೆಯಲ್ಲಿ ಕೂರಿಸಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ ಇದು. ಗೋಡೆಯ ಮೇಲಿನ ನಾಯಕರನ್ನು ಯಾವಾಗ ಬೇಕಾದರೂ ಇಳಿಸಿಕೊಳ್ಳಿ, ಅವಸರವಿಲ್ಲ. ನನ್ನ ಮೇಲೆ ಖಟ್ಲೆ ಹಾಕುವುದಿದ್ದರೆ ಹಾಕಿ, ಕೋರ್ಟಿಗೆ ಬರುವಾಗ ನಿಮಗೂ ಒಂದಿಷ್ಟು ಕುಸುರೆಳ್ಳು ತರುತ್ತೇನೆ. ಉಳಿದ ಬಕೆಟ್ಟುಗಳನ್ನು ಚುನಾವಣೆ ಮುಗಿದ ಮೇಲೆ ಕೊಟ್ಟರೂ ನಡೆಯುತ್ತದೆ. ಆದರೆ ಭಾಗಾಬಾಯಿಯ ಬಕೆಟ್ಟನ್ನು ಮತದಾನದ ಮೊದಲೇ ಕೊಡಬೇಕು. ಸಿಪಾಯಿಯ ಕೈಯಲ್ಲಿ ಕಳಿಸಬಾರದು. ನೀವೇ ಬರಬೇಕು. ಅದೇ ಅಂಗಳದಲ್ಲಿ, ಅದೇ ಅಕ್ಕಪಕ್ಕದವರ ಎದುರಿನಲ್ಲಿ, ಆಕೆಯ ಸೊಸೆಯ ಎದುರಿನಲ್ಲಿ, "ಬಾಯಿ, ನಮ್ಮಿಂದ ತಪ್ಪಾಯಿತು" ಎಂದು ಹೇಳಬೇಕು. ಮರಾಠಿಯಲ್ಲೇ ಹೇಳಿ, ಆಕೆಗೆ ತಿಳಿಯುತ್ತದೆ.

ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಅವತ್ತು ನನ್ನ ಪಡಸಾಲೆಯಲ್ಲಿ ಕುಳಿತಿದ್ದ ಹೆಂಗಸರೆಲ್ಲ ನಿನ್ನೆ ಮತ್ತೆ ಕೂಡಿದ್ದರು, ಬಕೆಟ್ಟಿನ ಕಡೆಯವರೂ ಛತ್ರಿಯ ಕಡೆಯವರೂ. ಇದನ್ನು ಕೇಳಿದಾಗಿನಿಂದ ಸಾತಲಿಂಗಪ್ಪ ಮತ್ತು ಕಾಮಣ್ಣ ಇಬ್ಬರೂ ನನ್ನ ಅಂಗಡಿಯ ಮುಂದೆ ಒಟ್ಟಿಗೇ ಸುಳಿದಾಡುತ್ತಿದ್ದಾರೆ. ನಾವು ಮಾಡಿದ ಠರಾವು ಒಂದೇ ಮಾತಿನದು. ಮತದಾನದ ದಿನ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಭಾಗಾಬಾಯಿ ನಿಲ್ಲುತ್ತಾಳೆ, ಆಕೆಯ ಹಿಂದೆ ನಾವೆಲ್ಲ ನಿಲ್ಲುತ್ತೇವೆ. ಆಕೆ ಬರದಿದ್ದರೆ ಹೆಂಗಸರ ಸಾಲೇ ಇರುವುದಿಲ್ಲ.

ಇಂತಿ,
ವಾಣ ಕೊಡಲು ಹೋಗಿ ನೋಟಿಸು ಪಡೆದ,
ಎರಡೂ ಪ್ಯಾನೆಲ್ಲಿಗೆ ಸಾಮಾನು ಮಾರಿ ಇಬ್ಬರ ಬಾಯಿಗೂ ಬಿದ್ದ,
ಕಿರಾಣಿ ಅಂಗಡಿಯ ಸಾವಿತ್ರಿಬಾಯಿ